ಬೇಟೆ ನಿಂತಿತು, ನಾಯಿಯ ಓಟ ನಿಲ್ಲಲಿಲ್ಲ

ಕಳೆದ ಮಾರ್ಗಶಿರದ ಮಾತು. ರಾಗಿ ಕಟಾವು ಮುಗಿದು ಕಣದಲ್ಲಿ ಮೆದೆ ಒಟ್ಟಿದ್ದೆವು. ತಳಿ-ಡೆಂಕಣಿಕೋಟೆ ರಸ್ತೆಯ ಬದಿಯ ನಮ್ಮೂರಿನಲ್ಲಿ ಒಂದು ದಿನ ಬೆಳಕು ಹರಿಯುವ ಮುಂಚೆಯೇ ಗಲಾಟೆ ಎದ್ದಿತು. ಊರಾಚೆಯ ರೊಪ್ಪದಲ್ಲಿ ಐದು ಕುರಿ ಸತ್ತು ಬಿದ್ದಿವೆ, ಮೂರು ಕಾಲೆಳೆಯುತ್ತಿವೆ ಎಂದು ಹುಡುಗರು ಓಡಿ ಬಂದು ಹೇಳಿದರು. ನಾನು ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿ ತೀರ್ಪನ್ನೂ ಕೊಟ್ಟಾಗಿತ್ತು: ಚಿರತೆ. ಒಬ್ಬರು ಅರಣ್ಯ ಇಲಾಖೆಗೆ ಫೋನ್ ಮಾಡಲು ಹೊರಟಿದ್ದರು, ಇನ್ನೊಬ್ಬರು ಬೋನು ಇಡಿಸಲೇಬೇಕೆಂದು ಪಟ್ಟು ಹಿಡಿದಿದ್ದರು.

ಅಷ್ಟರಲ್ಲಿ ಊರಿನ ಹಿರಿಯ ಕುರಿಗಾಹಿಯೊಬ್ಬರು ಸತ್ತ ಕುರಿಗಳನ್ನು ಒಂದೊಂದಾಗಿ ಮಗುಚಿ ನೋಡಿ ತಲೆ ಅಲ್ಲಾಡಿಸಿದರು. "ಚಿರತೆ ಅಲ್ಲಪ್ಪಾ ಇದು. ಚಿರತೆ ಆದ್ರೆ ಕುತ್ಗೆಗೆ ಬಾಯಿ ಹಾಕ್ತದೆ, ಒಂದನ್ನ ಎಳ್ಕೊಂಡು ಹೋಯ್ತದೆ. ಇಲ್ಲಿ ನೋಡು, ತೊಡೆ ಹರ್ದದೆ, ಕಿವಿ ಹರ್ದದೆ, ತಿಂದಿರೋದು ಏನೂ ಇಲ್ಲ. ಇದು ನಾಯಿ ಕೆಲ್ಸ. ಅದೂ ಒಂದಲ್ಲ, ಎರಡು" ಎಂದರು.

ಮನೆಗೆ ಬಂದು ನೋಡಿದರೆ ನಮ್ಮ ನಾಯಿ ಜಗಲಿಯ ಕೆಳಗೆ ಮುದುರಿ ಮಲಗಿತ್ತು. ಮೂತಿಯ ಮೇಲೆ ಒಣಗಿದ ರಕ್ತ, ಹಲ್ಲಿನ ಸಂದಿಯಲ್ಲಿ ಕುರಿಯ ಕೂದಲು. ಬೀದಿನಾಯಿಗಳ ಹಾವಳಿಯ ಬಗ್ಗೆ ಇದೇ ಪುಟದಲ್ಲಿ ಉದ್ದುದ್ದ ಬರೆದ ನನಗೆ ಆ ಬೆಳಗ್ಗೆ ಯಾರ ಮುಖ ನೋಡಲೂ ಆಗಲಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ಕೂತು ಸಂತೆಯ ಬೆಲೆಯಂತೆ ಐದು ಕುರಿಗಳ ಹಣ ಎಣಿಸಿಕೊಟ್ಟೆ. ಎರಡನೆಯ ನಾಯಿ ಯಾರದೆಂದು ಇಂದಿನವರೆಗೂ ಯಾರೂ ಒಪ್ಪಿಕೊಂಡಿಲ್ಲ.

ಈ ಲೇಖನದ ವಿಷಯ ಆ ಎರಡನೆಯ ನಾಯಿಯೇ. ಅಂದರೆ ನಾವು ಸಾಕಿ, ನಮ್ಮದೆಂದು ಒಪ್ಪಿಕೊಳ್ಳದ ನಾಯಿ.

ಸುದ್ದಿಯಲ್ಲಿ ಬಂದ ನಾಯಿ, ಬಾರದ ನಾಯಿ

ನಾಯಿಗಳಿಂದ ಕುರಿ ಮೇಕೆಗಳ ಸಾವು ಹೊಸದಲ್ಲ. ಆದರೆ ಅದು ರಾಜಕೀಯ ಪ್ರಶ್ನೆಯಾದದ್ದು ಇತ್ತೀಚೆಗೆ. ಕಾಂಗೇಯಂ, ವೆಳ್ಳಕೋಯಿಲ್, ಧಾರಾಪುರ, ಚೆನ್ನಿಮಲೈ ಕಡೆಯ ರೈತರು ಸತ್ತ ಕುರಿಗಳನ್ನು ರಸ್ತೆಗೆ ತಂದಿಟ್ಟು ಪ್ರತಿಭಟಿಸಿದರು. 2025ರಲ್ಲಿ ತಮಿಳುನಾಡು ಸರ್ಕಾರ ಬೀದಿನಾಯಿ ಕಚ್ಚಿ ಸತ್ತ ಜಾನುವಾರುಗಳಿಗೆ ಪರಿಹಾರ ಕೊಡುವುದಾಗಿ ಪ್ರಕಟಿಸಿತು. ಅತ್ತ ಕರ್ನಾಟಕದಲ್ಲಿ ಕುರಿ, ಮೇಕೆ, ದನಗಳ ಆಕಸ್ಮಿಕ ಸಾವಿಗೆ ಪರಿಹಾರ ಕೊಡುವ 'ಅನುಗ್ರಹ' ಯೋಜನೆಗೆ 2023ರಲ್ಲಿ ಮತ್ತೆ ಜೀವ ಬಂತು. ಹೊಸೂರಿನ ಈಚೆ ಒಂದು ಲೆಕ್ಕ, ಅತ್ತಿಬೆಲೆಯ ಆಚೆ ಇನ್ನೊಂದು ಲೆಕ್ಕ. ನಾಯಿಗೆ ಮಾತ್ರ ಚೆಕ್‌ಪೋಸ್ಟ್ ಇಲ್ಲ.

ಸುಪ್ರೀಂ ಕೋರ್ಟಿನ ಆದೇಶಗಳೂ 2025ರಲ್ಲೇ ಒಂದರ ಹಿಂದೊಂದು ಬಂದವು. ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಆಶ್ರಯಗಳಲ್ಲಿ ಇಡಬೇಕೆಂದು ಹೇಳಿದ ನ್ಯಾಯಾಲಯ, ಆಗಸ್ಟ್ 22ರಂದು ಅದನ್ನು ತಿದ್ದಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಬೇಕು, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವವನ್ನು ಮಾತ್ರ ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯುವಂತೆ ಸೂಚಿಸಿತು.

ಈ ಎಲ್ಲ ಚರ್ಚೆ ನಡೆದದ್ದು ನಗರದ ಬೀದಿಯನ್ನು ಕಣ್ಣ ಮುಂದೆ ಇಟ್ಟುಕೊಂಡು. ಹಳ್ಳಿಯಲ್ಲಿ ಹಗಲು ಕಟ್ಟಿ, ರಾತ್ರಿ ಹತ್ತಕ್ಕೆ ಬಿಚ್ಚಿ, ಬೆಳಗ್ಗೆ ಐದಕ್ಕೆ ಕರೆದರೆ ಬರುವ ನಾಯಿ ಬೀದಿನಾಯಿಯೋ ಸಾಕುನಾಯಿಯೋ? ಹಗಲಲ್ಲಿ ಅದಕ್ಕೆ ಯಜಮಾನ ಇದ್ದಾನೆ, ರಾತ್ರಿ ಇಲ್ಲ. ಕುರಿ ಸತ್ತ ದಿನವಂತೂ ಇಲ್ಲವೇ ಇಲ್ಲ. ಪರಿಹಾರದ ಅರ್ಜಿಯಲ್ಲಿ 'ಬೀದಿನಾಯಿ' ಎಂದು ಬರೆದರೆ ಊರಿನಲ್ಲಿ ಜಗಳ ತಪ್ಪುತ್ತದೆ, ಸರ್ಕಾರದ ಹಣವೂ ಬರುತ್ತದೆ. ಆದರೆ ಕುರಿ ಕೊಂದ ನಾಯಿ ಮಾರನೆಯ ರಾತ್ರಿ ಮತ್ತೆ ಸಡಿಲವಾಗಿಯೇ ಇರುತ್ತದೆ.

ಇದು ಸಣ್ಣ ಬಾಬತ್ತಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಸುಮಾರು 45 ಲಕ್ಷ ಕುರಿ, ಹತ್ತಿರಹತ್ತಿರ 99 ಲಕ್ಷ ಮೇಕೆಗಳಿದ್ದವು. ಕರ್ನಾಟಕದಲ್ಲಿ ಕುರಿಯೇ 1.1 ಕೋಟಿ. ಕುಂದಾರಪಲ್ಲಿ, ಪೋಚಂಪಲ್ಲಿ ಸಂತೆಗಳಲ್ಲಿ ದೀಪಾವಳಿ, ಬಕ್ರೀದ್ ಮುಂಚೆ ನಿಂತು ನೋಡಿದವರಿಗೆ ಗೊತ್ತು, ನಮ್ಮ ಕಡೆಯ ಸಣ್ಣ ರೈತನಿಗೆ ಬ್ಯಾಂಕ್ ಎಂದರೆ ಕುರಿ ಮರಿಯೇ. ಮಗಳ ಕಾಲೇಜು ಫೀಸು, ಬೋರ್‌ವೆಲ್ ಮೋಟರು ರಿಪೇರಿ, ಎಲ್ಲವೂ ನಿಂತಿರುವುದು ಆ ನಾಲ್ಕು ಕಾಲಿನ ಮೇಲೆ.

ಹೊಸತೊಡಕಿನಿಂದ ಹಂದಿ ಕಾವಲಿಗೆ

ಬೇಟೆ ನಾಯಿ ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಊರಿಗೆ ಊರೇ ಬಲೆ, ದೊಣ್ಣೆ, ನಾಯಿಗಳೊಂದಿಗೆ ಮೊಲದ ಬೇಟೆಗೆ ಹೊರಡುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತಡೆ ಹಾಕಿತು. ಅಂಚೆಟ್ಟಿ, ಡೆಂಕಣಿಕೋಟೆ ಭಾಗದ ಕಾಡುಗಳನ್ನು ಸೇರಿಸಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮ ಘೋಷಣೆಯಾಯಿತು. ಕಾಯ್ದೆಯ ಭಾಷೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು, ಅದಕ್ಕೆ ಯತ್ನಿಸುವುದು ಕೂಡ. 'ನಾನು ಹೊಡೆಯಲಿಲ್ಲ, ನಾಯಿ ಓಡಿತು ಅಷ್ಟೇ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬೇಟೆ ಹೋಯಿತು. ನಾಯಿ ಉಳಿಯಿತು, ಅದಕ್ಕೆ ಕಾರಣವೂ ಇತ್ತು. ನೆಲಗಡಲೆ ಹೊಲಕ್ಕೆ ಹಂದಿ ನುಗ್ಗುತ್ತದೆ. ಕಾಡುಹಂದಿ ವಿಚಾರದಲ್ಲಿ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶವನ್ನು ನಮ್ಮವರು ಹಲವರು ತಪ್ಪಾಗಿ ತಿಳಿದಿದ್ದಾರೆ. ಮೀಸಲು ಅರಣ್ಯದ ಗಡಿಯಿಂದ 1 ಕಿ.ಮೀ. ಒಳಗೆ ಹಂದಿಯನ್ನು ಕೊಲ್ಲುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು, 3 ಕಿ.ಮೀ. ಆಚೆ ಗುಂಡು ಹೊಡೆಯಬಹುದು, ಆದರೆ ಹೊಡೆಯುವವರು ತರಬೇತಿ ಪಡೆದ ಸರ್ಕಾರಿ ಸಿಬ್ಬಂದಿ. ರೈತ ತನ್ನ ನಾಯಿಯನ್ನು ಬಿಟ್ಟು ಹಂದಿ ಹಿಡಿಸಲು ಅದು ಪರವಾನಗಿ ಕೊಡುವುದಿಲ್ಲ.

ಇದರ ಜೊತೆಗೆ ಜಾತಿನಾಯಿಯ ಹೊಸ ಹುರುಪು. 2005ರಲ್ಲಿ ಅಂಚೆ ಇಲಾಖೆ ಮುಧೋಳ, ರಾಜಪಾಳಯಂ ನಾಯಿಗಳ ಅಂಚೆಚೀಟಿ ತಂದಿತು. ಮುಧೋಳದ ಮರಿಗಳು 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ದೇಸಿ ನಾಯಿಗಳನ್ನು ಸಾಕಿರೆಂದರು. ಅದೇ ವರ್ಷ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ ಮೂರೂ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ಅಧಿಕೃತ ತಳಿಗಳಾಗಿ ದಾಖಲಾದವು. ಸಂತೋಷದ ವಿಷಯವೇ. ಆದರೆ ಮರಿ ಮಾರುವವನು ಅದರ ಅಪ್ಪನ ಓಟ ಹೇಳುತ್ತಾನೆ, ಅಜ್ಜನ ಎತ್ತರ ಹೇಳುತ್ತಾನೆ. ಮೊಲವನ್ನು ಕಂಡು ಓಡಲೆಂದೇ ನೂರಾರು ವರ್ಷ ಆಯ್ದು ಬೆಳೆಸಿದ ಪ್ರಾಣಿಗೆ ಕುರಿಮರಿ ಕಂಡರೆ ಏನು ಅನಿಸುತ್ತದೆ ಎಂಬುದನ್ನು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ನಾನು ಕೇಳಲಿಲ್ಲ.

ಹಸಿವಲ್ಲ, ಓಟ

'ಹೊಟ್ಟೆಗೆ ಹಾಕದಿದ್ರೆ ನಾಯಿ ಕುರಿ ಹಿಡೀತದೆ' ಎಂಬುದು ಊರ ಮಾತು. ನನ್ನ ನಾಯಿ ಆ ರಾತ್ರಿ ಹೊಟ್ಟೆ ತುಂಬ ಮುದ್ದೆ ತಿಂದಿತ್ತು. ಸತ್ತ ಕುರಿಗಳಲ್ಲಿ ಒಂದನ್ನೂ ತಿಂದಿರಲಿಲ್ಲ. ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಓಡುವ ವಸ್ತುವೇ ಸಾಕು. ಕುರಿ ನಿಂತರೆ ನಾಯಿಯೂ ಅನುಮಾನಿಸಿ ನಿಲ್ಲುತ್ತದೆ. ಕುರಿ ಬೆದರಿ ಓಡಿತೋ, ನಾಯಿ ಹಿಂದೆ ಬಿತ್ತೆಂದೇ ಲೆಕ್ಕ. ರೊಪ್ಪದೊಳಗೆ ಸಿಕ್ಕಿಬಿದ್ದ ಕುರಿಗಳು ಸುತ್ತುತ್ತಲೇ ಇರುತ್ತವೆ, ನಾಯಿ ಕಚ್ಚುತ್ತಲೇ ಇರುತ್ತದೆ. ಒಂದು ನಾಯಿ ಬೆದರಿಸಿ ಬಿಡಬಹುದು, ಎರಡು ಸೇರಿದರೆ ಒಂದಕ್ಕೊಂದು ಹುರುಪು.

ಇನ್ನೊಂದು ಸತ್ಯವನ್ನೂ ಒಪ್ಪಬೇಕು. ಹುರುಳಿ ಹೊಲಕ್ಕೆ ಪಕ್ಕದವರ ದನ ನುಗ್ಗಿದಾಗ 'ಛೂ' ಎಂದವರು ಯಾರು? ತೋಟದ ಬೇಲಿ ಹಾರಿದ ಮೇಕೆಯ ಮೇಲೆ ನಾಯಿ ಬಿಟ್ಟು ನಕ್ಕವರು ಯಾರು? ನಾಯಿಗೆ ನಮ್ಮ ಕುರಿ, ಅವರ ಕುರಿ ಎಂಬ ಪಹಣಿ ಗೊತ್ತಿಲ್ಲ. ಮೇಕೆಯನ್ನು ಅಟ್ಟಿದರೆ ಯಜಮಾನ ಖುಷಿಪಡುತ್ತಾನೆ ಎಂಬ ಪಾಠವನ್ನು ನಾವೇ ಕಲಿಸಿ, ಅದು ರಾತ್ರಿ ತಾನೇ ಪಾಠ ಒಪ್ಪಿಸಿದಾಗ ದೊಣ್ಣೆ ಹಿಡಿಯುತ್ತೇವೆ.

ಕಲಿಸುವುದು ಹೇಗೆ?

ಉತ್ತರ ಕರ್ನಾಟಕದಲ್ಲಿ ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಕುರುಬರ ನಾಯಿಗಳನ್ನು ನೋಡಿ. ಕುರಿಮರಿ ಮೇಲೆ ಹತ್ತಿದರೂ ಅವು ಕಣ್ಣು ತೆರೆಯುವುದಿಲ್ಲ. ಕಾರಣ ಇಷ್ಟೇ, ಮರಿಯಾಗಿದ್ದಾಗಲೇ ಅವು ಹಟ್ಟಿಯಲ್ಲಿ ಬೆಳೆದವು. ಆಫ್ರಿಕಾದ ನಮೀಬಿಯಾದಲ್ಲಿ ಚೀತಾ ಉಳಿಸಲು ಕೆಲಸ ಮಾಡುವ ಸಂಸ್ಥೆಯೊಂದು 1994ರಿಂದ ರೈತರಿಗೆ ಟರ್ಕಿ ಮೂಲದ ಕಾವಲು ನಾಯಿಮರಿಗಳನ್ನು ಕೊಡುತ್ತಿದ್ದು, ಅಲ್ಲಿಯೂ ಮರಿಯನ್ನು ಎಳವೆಯಲ್ಲೇ ಮೇಕೆ ಹಿಂಡಿಗೆ ಸೇರಿಸುವುದೇ ಮುಖ್ಯ. ಅವು ಕಾವಲಿನ ತಳಿ, ನಮ್ಮವು ಓಟದ ತಳಿ, ಆ ವ್ಯತ್ಯಾಸ ಇದ್ದೇ ಇದೆ. ನ್ಯೂಜಿಲೆಂಡಿನಲ್ಲಿ ಹಂದಿ ಬೇಟೆಯ ನಾಯಿಗಳಿಗೆ ಕಿವಿ ಎಂಬ ಹಾರಲಾರದ ಹಕ್ಕಿಯಿಂದ ದೂರವಿರಲು ಕಲಿಸುತ್ತಾರೆ. ಬೇಟೆ ನಾಯಿಗೂ 'ಇದು ನಿನ್ನದಲ್ಲ' ಎಂದು ಕಲಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಮರಿ ತಂದವರು ಗಮನಿಸಬೇಕಾದದ್ದು: ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ನಾಯಿಮರಿ ಕಂಡದ್ದನ್ನೆಲ್ಲ ತನ್ನ ಲೋಕ ಎಂದು ಒಪ್ಪಿಕೊಳ್ಳುವ ಕಾಲ. ಆಗ ದಿನಾ ಕುರಿ, ಮೇಕೆ, ಕರು, ಕೋಳಿಗಳ ಹತ್ತಿರ ಒಯ್ಯಿರಿ. ಅನ್ನದ ತಟ್ಟೆಯನ್ನು ರೊಪ್ಪದ ಪಕ್ಕದಲ್ಲೇ ಇಡಿ. ಮರಿ ಇರುವ ದೊಡ್ಡ ಕುರಿಯೊಂದು ಕಾಲು ನೆಲಕ್ಕೆ ಬಡಿದು ಗದರಿಸಿದರೆ ಗದರಿಸಲಿ, ಒಳ್ಳೆಯ ಮೇಷ್ಟ್ರು ಅದು. ಜೋರಾಗಿ ಗುದ್ದಿ ಗಾಯ ಮಾಡದಂತೆ ಮಾತ್ರ ನೀವು ಪಕ್ಕದಲ್ಲಿರಿ. ಕುಣಿಯುವ ಕುರಿಮರಿಗಳ ನಡುವೆ ನಾಯಿಮರಿಯನ್ನು ಆಟಕ್ಕೆ ಬಿಡಬೇಡಿ, ಆಟವೇ ಓಟವಾಗುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಹರೆಯದ ಕಾಲ. ಅಲ್ಲಿಯವರೆಗೆ ಸಾಧುವಾಗಿದ್ದ ನಾಯಿಯೂ ಆಗ ಪರೀಕ್ಷೆ ಮಾಡುತ್ತದೆ.

ದೊಡ್ಡ ನಾಯಿಗೆ ತಾಳ್ಮೆ ಬೇಕು. ಹದಿನೈದಿಪ್ಪತ್ತು ಅಡಿಯ ಗಟ್ಟಿ ಹಗ್ಗ ಕಟ್ಟಿ, ಹಿಂಡಿನಿಂದ ನೂರು ಅಡಿ ದೂರ ನಿಲ್ಲಿ. ನಾಯಿ ಕುರಿಯನ್ನು ನೋಡಿದ ಕ್ಷಣ ಹೆಸರು ಹಿಡಿದು ಕರೆಯಿರಿ. ತಿರುಗಿ ನಿಮ್ಮನ್ನು ನೋಡಿತೋ, ಕೈಯಲ್ಲಿರುವ ತುಂಡು ಮೊಟ್ಟೆಯೋ ಬಿಸ್ಕತ್ತೋ ಕೊಡಿ. ಮೈ ಸೆಟೆದು, ಬಾಲ ನೇರವಾಗಿ, ಕಣ್ಣು ಕುರಿಯ ಮೇಲೆ ನೆಟ್ಟು ಕಿವಿ ಕೇಳಿಸದಂತೆ ನಿಂತರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದಕ್ಕೆ ಸರಿಯಿರಿ. ವಾರವಾರಕ್ಕೆ ಸ್ವಲ್ಪ ಹತ್ತಿರ. ಮೊದಲು ಮೇಯುವ ಹಿಂಡು, ಆಮೇಲೆ ನಡೆಯುವ ಹಿಂಡು, ಕೊನೆಗೆ ಓಡುವ ಹಿಂಡು. ನಿಮ್ಮ ಕುರಿಗೆ ಕಲಿತದ್ದು ಪಕ್ಕದೂರಿನ ಕುರಿಗೆ ಅನ್ವಯಿಸುವುದಿಲ್ಲ. ಬೇರೆ ಬೇರೆ ಹಿಂಡು, ಬೇರೆ ಬೇರೆ ಜಾಗ ತೋರಿಸಬೇಕು. ಎರಡು ನಾಯಿಯಿದ್ದರೆ ಒಂದೊಂದಾಗಿಯೇ ಕಲಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ, ಭಾಷೆ. ನಮ್ಮ ಮನೆಯಲ್ಲಿ ನಾನು 'ಬಿಡು' ಎನ್ನುತ್ತಿದ್ದೆ, ತಮಿಳು ಶಾಲೆಗೆ ಹೋಗುವ ಮಕ್ಕಳು 'ವಿಡು' ಎನ್ನುತ್ತಿದ್ದರು, ತೋಟದ ಆಳು ತೆಲುಗಿನಲ್ಲಿ 'ಒದ್ದು' ಎನ್ನುತ್ತಿದ್ದ. ನಾಯಿ ಏನೆಂದು ತಿಳಿಯಬೇಕು? ಅದಕ್ಕಿಂತ ಮೋಜೆಂದರೆ, ನಾವು ನಾಯಿಯನ್ನು ಮೇಲೆ ಕಳಿಸುವಾಗ ಹೇಳುವುದೂ 'ಛೂ ಬಿಡು' ಎಂದೇ! ಈಗ ಮನೆಯವರೆಲ್ಲ ಸೇರಿ ಒಂದೇ ಪದ ಇಟ್ಟುಕೊಂಡಿದ್ದೇವೆ, 'ಬೇಡ'. ಯಾವ ಭಾಷೆಯಾದರೂ ಆಗಲಿ, ಪದ ಒಂದೇ ಇರಲಿ.

ಹೊಡೆತದಿಂದ ಏನೂ ಆಗುವುದಿಲ್ಲ. ಸತ್ತ ಕುರಿಯ ಮೇಲೆ ಮೂತಿ ಉಜ್ಜಿ ಬಾರಿಸಿದರೆ ಅರ್ಧ ಗಂಟೆ ಹಿಂದಿನ ತಪ್ಪಿಗೆ ಈ ಏಟು ಎಂದು ನಾಯಿಗೆ ತಿಳಿಯುವುದಿಲ್ಲ. ಯಜಮಾನ ಹತ್ತಿರ ಬಂದರೆ ಏಟು ಬೀಳುತ್ತದೆ ಎಂದಷ್ಟೇ ತಿಳಿಯುತ್ತದೆ. ಆಮೇಲೆ ಕರೆದರೂ ಬರುವುದಿಲ್ಲ. ಕರೆದರೆ ಬಾರದ ಬೇಟೆ ನಾಯಿಗಿಂತ ಅಪಾಯ ಬೇರೆ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು: ತರಬೇತಿ ಯಜಮಾನ ಎದುರಿಗಿದ್ದಾಗ ಕೆಲಸ ಮಾಡುತ್ತದೆ. ರಾತ್ರಿಗೆ ಸರಪಳಿಯೇ ಸರಿ. ಒಮ್ಮೆ ಕುರಿ ಕೊಂದ ನಾಯಿಯನ್ನು 'ಕಲಿತಿದೆ' ಎಂದು ಹಿಂಡಿನ ಬಳಿ ಸಡಿಲ ಬಿಡುವ ಧೈರ್ಯ ಯಾರೂ ಮಾಡಬಾರದು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ನಮ್ಮತ್ತ ಬರುವ ಕಾಲದಲ್ಲಂತೂ ನಾಯಿ ಕಟ್ಟಿರುವುದೇ ಎಲ್ಲರಿಗೂ ಕ್ಷೇಮ. ಬೊಗಳಿ ಆನೆಯನ್ನು ಕೆಣಕಿದ ನಾಯಿ ಕೊನೆಗೆ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ, ಹಿಂದೆ ಆನೆಯೂ ಬರುತ್ತದೆ.

ರೋಗದ ಲೆಕ್ಕ

ಕಚ್ಚಿಸಿಕೊಂಡು ಬದುಕಿದ ಕುರಿಯ ಬಗ್ಗೆ ನಾವು ಉದಾಸೀನ ಮಾಡುತ್ತೇವೆ. ಗಾಯವನ್ನು ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಪಶುವೈದ್ಯರು ಜಾನುವಾರಿಗೂ ಕಡಿತದ ನಂತರದ ರೇಬೀಸ್ ಲಸಿಕೆ ಹಾಕುತ್ತಾರೆ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ತಪ್ಪಬಾರದು.

ಎರಡನೆಯದು, ಕುರಿ ಒಂದೇ ಕಡೆಗೆ ಗಿರಗಿರ ತಿರುಗಿ ಬೀಳುವ ಕಾಯಿಲೆ. ದೆವ್ವ, ದೃಷ್ಟಿ ಎಂದು ತಾಯತ ಕಟ್ಟುವವರಿದ್ದಾರೆ. ಅದರ ಮೂಲ ನಾಯಿಯ ಹೊಟ್ಟೆಯ ಲಾಡಿಹುಳ. ಹುಳದ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ, ಅಲ್ಲಿಂದ ಮಿದುಳಿಗೆ ಸೇರಿ ನೀರುಗುಳ್ಳೆಯಾಗುತ್ತದೆ. ಹಬ್ಬದಲ್ಲಿ ಕುರಿ ಕಡಿದು ತಲೆಯನ್ನು ಹಸಿಯಾಗಿ ನಾಯಿಗೆ ಎಸೆದರೆ ಚಕ್ರ ಮತ್ತೆ ಶುರು. ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತುಹುಳದ ಔಷಧ ಕೊಡಿ, ಹಸಿ ತಲೆ ಕೊಡಬೇಡಿ, ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ. ಹಸಿ ಮಾಂಸದ ರುಚಿ ಹತ್ತಿದ ಹಳ್ಳದ ನಾಯಿಗಳೇ ನಾಳೆ ಹಟ್ಟಿಗೆ ಬರುವವು.

ವಿಷ ಮದ್ದಲ್ಲ

ಕುರಿ ಸತ್ತ ಸಿಟ್ಟಿನಲ್ಲಿ ಮಾಂಸಕ್ಕೆ ವಿಷ ಬೆರೆಸಿ ಇಡುವುದು ನಮ್ಮ ಕಡೆ ಗುಟ್ಟೇನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷವಿಕ್ಕಿ ಕೊಂದರೆ 5 ವರ್ಷದವರೆಗೆ ಸಜೆ. ವಿಷದ ತುಂಡಿಗೆ ನರಿ, ಮುಂಗುಸಿ, ಹದ್ದು, ಪಕ್ಕದ ಮನೆಯ ನಾಯಿ ಎಂಬ ಭೇದವಿಲ್ಲ. ಅದೇ ಕಾನೂನಿನ 291ನೇ ಕಲಂ ನಾಯಿ ಸಾಕಿದವನತ್ತಲೂ ಬೆರಳು ತೋರುತ್ತದೆ: ತನ್ನ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಹತೋಟಿಯಲ್ಲಿಡದಿದ್ದರೆ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ. ಆದರೆ ಕುರಿಯ ಮಾತು ಅಲ್ಲಿ ಇಲ್ಲ. ಬ್ರಿಟನ್ನಿನಲ್ಲಿ 1953ರಿಂದಲೇ ಹೊಲದಲ್ಲಿ ಕುರಿ ದನಗಳನ್ನು ಅಟ್ಟಿದ ನಾಯಿಯ ಯಜಮಾನನನ್ನು ತಪ್ಪಿತಸ್ಥನೆನ್ನುವ ಪ್ರತ್ಯೇಕ ಕಾಯ್ದೆಯಿದೆ. ನಮ್ಮಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣ ಯಜಮಾನನ ಹೊಣೆ ಎಂದು ಹೇಳಿ ಮುಂದೆ ಹೋಗಿವೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಊರಿನವರೇ ಕೂತು ನಾಲ್ಕು ಕಟ್ಟಳೆ ಮಾಡಿಕೊಳ್ಳಬಹುದು. ಪ್ರತಿ ಸಾಕುನಾಯಿಗೂ ಕೊರಳಪಟ್ಟಿ, ಅದರ ಮೇಲೆ ಮನೆಯ ಗುರುತು. ಕತ್ತಲಾದ ಮೇಲೆ ಕಟ್ಟುವುದು ಕಡ್ಡಾಯ. ಕುರಿ ಸತ್ತರೆ ಮೊದಲು ಫೋಟೊ, ಆಮೇಲೆ ಪಶುವೈದ್ಯರ ಪರೀಕ್ಷೆ. ಬಾಯಿಗೆ ಬಂದಂತೆ ಚಿರತೆ, ಬೀದಿನಾಯಿ ಎನ್ನುವುದು ಬೇಡ. ಸಾಕಿದ ನಾಯಿ ಎಂದು ತಿಳಿದರೆ ಯಜಮಾನ ಸಂತೆಯ ಬೆಲೆ ಕೊಡಬೇಕು. ಬೀದಿನಾಯಿಗಾದರೆ ಸರ್ಕಾರದ ಪರಿಹಾರ. ಈ ಎರಡು ಲೆಕ್ಕ ಬೆರೆತರೆ ನಿಜವಾಗಿ ಬೀದಿನಾಯಿಯಿಂದ ನಷ್ಟವಾದವನ ಅರ್ಜಿಯನ್ನೂ ನಾಳೆ ಯಾರೂ ನಂಬುವುದಿಲ್ಲ.

ನಮ್ಮ ನಾಯಿಯನ್ನು ಏನು ಮಾಡಿದೆ ಎಂದು ಹಲವರು ಕೇಳಿದ್ದಾರೆ. 'ಹೊಡೆದು ಹಾಕಿ' ಎಂದವರೂ ಇದ್ದರು, ನನಗೇ ಕೊಡಿ ಎಂದು ಹಿಂದಿನ ಬಾಗಿಲಲ್ಲಿ ಬಂದವರೂ ಇದ್ದರು. ಎರಡಕ್ಕೂ ಒಪ್ಪಲಿಲ್ಲ. ಐದು ತಿಂಗಳ ಹಗ್ಗದ ಪಾಠದ ನಂತರ ಈಗ ಅದು ಕುರಿ ಕಂಡರೆ ಒಮ್ಮೆ ನೋಡಿ ನನ್ನ ಕಡೆ ತಿರುಗುತ್ತದೆ. ಸಂಜೆ ಆರಕ್ಕೆ ಸರಪಳಿ ಬೀಳುತ್ತದೆ. ಮೊನ್ನೆ ಕುರಿ ಕಳೆದುಕೊಂಡ ಆ ಮನೆಯವರು ದಾರಿಯಲ್ಲಿ ಸಿಕ್ಕಿ, "ಅಣ್ಣಾ, ನಿಮ್ಮ ನಾಯಿ ಕಟ್ಟಿದ್ದೀರಾ?" ಎಂದು ಕೇಳಿದರು. ಕಟ್ಟಿದ್ದೇನೆ ಎಂದೆ. "ಸರಿ ಬಿಡಿ, ಇನ್ನೊಂದು ಯಾರದೋ" ಎಂದು ನಿಟ್ಟುಸಿರು ಬಿಟ್ಟು ಹೋದರು.

ಆ ಇನ್ನೊಂದು ನಾಯಿಯ ಯಜಮಾನರು ಈ ಪುಟವನ್ನು ಓದುವವರೇ ಇರಬಹುದು. ಹಣ ಕೇಳುತ್ತಿಲ್ಲ ಸ್ವಾಮಿ, ಅದನ್ನು ಕೊಟ್ಟಾಗಿದೆ. ಇಂದು ರಾತ್ರಿ ಕಟ್ಟಿದರೆ ಸಾಕು.